ಜ್ವರಕ್ಕ ಟಿಕೀಟು ಯಾರು ತಗೀತಾರ?

ಸಂಖದ ಚಹಾದಂಗಡಿ ಕಟ್ಟೆ. ಮಾಸ್ತರರ ಮೊಬೈಲಿನಲ್ಲಿ ‘ಬಾಜಿರಾವ್ ಮಸ್ತಾನಿ’ ಈಗಷ್ಟೇ ಮುಗಿದಿದೆ. ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಮರಾಠಿ ಪೇಶ್ವೆ, ಹಿಂದಿ ಮಾತು, ಕನ್ನಡ ಕಣ್ಣೀರು: ಮಹಾರಾಷ್ಟ್ರ ಗಡಿಯ ಜತ್ತ ತಾಲೂಕಿನಲ್ಲಿ ಇದು ಮಾಮೂಲು.

ಕಾಕಾ: ಮಾಸ್ತರ, ಕಾಶೀಬಾಯಿ, ಮಸ್ತಾನಿ ಕೂಡಿ ಪಿಂಗಾ ಕುಣದದ್ದು ಖರೇ ಏನ್ರಿ?

ಮಾಸ್ತರ: 2015ರಾಗ ಇದಕ್ಕಽ ಗದ್ದಲ ಆತು. ಪೇಶ್ವೆ ಮನಿ ಹೆಣ್ಮಕ್ಕಳು ಹಂಗ ಕುಣೀತಿರಲಿಲ್ಲಂತ ವಂಶಸ್ಥರು ತಕರಾರು ತಗದ್ರು.

ಕಾಕಾ: ಸವತ್ಯಾರು ಒಂದಽ ಒಲಿ ಹಚ್ಚಂಗಿಲ್ಲ, ಇವರು ಒಂದಽ ತಾಳಕ್ಕ ಕುಣೀತಾರ! ಹೋಗ್ಲಿ, ಬಾಜಿರಾಯ ಪ್ರೀತಿ ಸಲುವಾಗಿ ಸತ್ತದ್ದರೆ ಖರೇ?

ಮಾಸ್ತರ: 1740ರ ಏಪ್ರಿಲ್. ನರ್ಮದಾ ದಂಡಿ, ರಾವೇರಖೇಡಿ. ಜ್ವರ.

ಕಾಕಾ: ಬರೇ ಜ್ವರ? ಜ್ವರಕ್ಕ ಟಿಕೀಟು ಯಾರು ತಗೀತಾರ್ರಿ!

ಮಾಸ್ತರ: ಅದಕ್ಕಽ ಸಿನಿಮಾ ತಗದ ಭನ್ಸಾಲಿ ವಿರಹ ಬೆರಿಸ್ಯಾನ. ಇತಿಹಾಸದಿಂದ ಇನಾಮದಾರರ ‘ರಾವು’ ಕಾದಂಬರಿ, ಕಾದಂಬರಿಯಿಂದ ಸಿನಿಮಾ. ಹಾಲಿಗೆ ಎರಡು ಸಲ ನೀರು.

ಕಾಕಾ: ಮಸ್ತಾನಿನೂ ಕಟ್ಟುಕಥಿನಽ?

ಮಾಸ್ತರ: ಅಲ್ಲ, ಪಾಬಳದಾಗ ಆಕಿ ಸಮಾಧಿ ಐತಿ. ಮಗ ಸಮಶೇರ ಬಹಾದ್ದೂರ 1761ರ ಪಾಣಿಪತ್ತದಾಗ ಗಾಯ ಆಗಿ ಸತ್ತ. ಅದನ್ನ ಯಾರೂ ಕೇಳಂಗಿಲ್ಲ, ಅದರಾಗ ಹಾಡಿಲ್ಲಲ್ಲ.

ಕಾಕಾ: ಥೂ, ಸುಳ್ಳಿನ ಸಿನಿಮಾ! ನಮ್ಮ ವಿಜಾಪುರ ನೋಡ್ರಿ, ಎಲ್ಲಾ ಖರೇ. ಬಾದಶಾ ‘ಪ್ರೀತಿ ತೋರ್ಸು’ ಅಂದ, ರಂಭಾ ಗೋಳಗುಮ್ಮಟದ ಮ್ಯಾಲಿಂದ ಹಾರೇ ಬಿಟ್ಲು!

ಮಾಸ್ತರ: ರಂಭಾನ ಗೋರಿ ಅಲ್ಲಿ ಐತಿ, ಒಪ್ಪಿದೆ. ಹಾರಿದ್ದು ಎಲ್ಲಿ ಬರದಾರ?

ಕಾಕಾ: ಬರಿಯೂದ್ಯಾಕ? ನಮ್ಮಪ್ಪ ನನ್ನ ಮ್ಯಾಲೆ ನಿಂದ್ರಿಸಿ ಅಲ್ಲೇ ಹೇಳ್ಯಾನ. ಗುಮ್ಮಟದಾಗ ಆ ಮಾತು ಮಾರ್ದನಿಸಿ ಏಳು ಸಲ ಕೇಳೇತಿ. ಏಳು ಸಲ ಕೇಳಿದ್ದು ಸುಳ್ಳಾಗತೈತೇನ್ರಿ?