ಶಶಸಖ್ಯ ಮೀಮಾಂಸೆ, ಅಥವಾ ಮೊಲದ ಖಾತೆ ವಿಚಾರ

ಇಲ್ಲದ ವಸ್ತುವಿಗೆ ಉದಾಹರಣೆ ಬೇಕಾದಾಗಲೆಲ್ಲ ನಮ್ಮ ತಾರ್ಕಿಕರು ಮೊಲದ ಕೊಂಬಿಗೆ ಕೈಹಾಕಿದರು. ಇರುವ ಗದ್ದದ ಕಡೆ ಒಬ್ಬರೂ ನೋಡಲಿಲ್ಲ. ಶಾಸ್ತ್ರಕ್ಕೆ ನಷ್ಟವಾದದ್ದು ಅಲ್ಲಿಯೇ. ಮೊಲದ ಗದ್ದದಡಿ ವಾಸನೆಯ ಗ್ರಂಥಿಯಿದೆ. ಕುರ್ಚಿಯ ಕಾಲು, ಬಾಗಿಲ ಚೌಕಟ್ಟು, ಸೊಪ್ಪಿನ ಬುಟ್ಟಿ, ಎದುರಾದದ್ದಕ್ಕೆಲ್ಲ ಅದು ಗದ್ದ ಉಜ್ಜುತ್ತದೆ. ನಮ್ಮ ಮೂಗಿಗೆ ಏನೂ ಹತ್ತದು. ಇನ್ನೊಂದು ಮೊಲಕ್ಕೆ ಅದು ನೋಂದಣಿ ಕಚೇರಿಯ ಮೊಹರು. ಆದ್ದರಿಂದ ಯಾರೋ ಬಿಟ್ಟುಹೋದ ಎರಡು ಮೊಲಗಳನ್ನು ದತ್ತು ತಂದು ಒಂದೇ ಸೂರಿನಡಿ ಕೂಡಿಸುವುದು ಪ್ರೀತಿಯ ಪ್ರಶ್ನೆಯಲ್ಲ, ಖಾತೆಯ ಪ್ರಶ್ನೆ ಎಂಬುದು ಈ ಪ್ರಬಂಧದ ಸಿದ್ಧಾಂತ. ಕಾಂಪೌಂಡು ಗೋಡೆ ಅರ್ಧ ಅಡಿ ಸರಿಯಿತೆಂದು ದಾಯಾದಿಗಳು ಮಾತು ಬಿಡುವ ಬಸವನಗುಡಿಗೆ ಇದಕ್ಕಿಂತ ಹೆಚ್ಚಿನ ಭಾಷ್ಯ ಬೇಡ.

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ. ಒಂದು ಗಂಡು, ಒಂದು ಹೆಣ್ಣು ತಂದರಾಯಿತು, ಮಿಕ್ಕದ್ದು ಋಣಾನುಬಂಧ ಎನ್ನುತ್ತಾರೆ. ಹೆಣ್ಣುಮೊಲ ಸುಮಾರು 31 ದಿನಕ್ಕೆ ಈಯುತ್ತದೆ, ಈದ ದಿನವೇ ಮತ್ತೆ ಗಬ್ಬವಾಗಬಲ್ಲದು. ಈ ಲೆಕ್ಕದಲ್ಲಿ ಋಣಾನುಬಂಧಕ್ಕೆ ಮನೆ ಸಾಲದು. ಎರಡಕ್ಕೂ ಶಸ್ತ್ರಚಿಕಿತ್ಸೆ ಮಾಡಿಸಿ, ಆಮೇಲೂ ನಾಲ್ಕರಿಂದ ಆರು ವಾರ ಕಾಯಬೇಕು. ಅಲ್ಲಿಯವರೆಗೆ ಹಾರ್ಮೋನು ಇಳಿಯದು, ಒತ್ತುವರಿಯ ಚಪಲವೂ ಇಳಿಯದು. ಇನ್ನು ಕೆಲವರದು, ಸೊಪ್ಪು ತಿನ್ನುವ ಸಾಧುಪ್ರಾಣಿ ಹೊಡೆದಾಡುತ್ತದೆಯೇ ಎಂಬ ಆಕ್ಷೇಪ. ಹಿಂಗಾಲಿನ ಒದೆತ, ಕಿವಿ ಹರಿಯುವ ಬಾಚಿಹಲ್ಲು ಎರಡೂ ಸೊಪ್ಪು ತಿಂದೇ ಬೆಳೆದವು. ಸಸ್ಯಾಹಾರದಿಂದ ಶಾಂತಿ ಬರುವುದಾದರೆ ನಮ್ಮ ಸಂಘಗಳ ವಾರ್ಷಿಕ ಸಭೆಗಳು ಇಷ್ಟು ಹೊತ್ತು ನಡೆಯುತ್ತಿರಲಿಲ್ಲ.

ಪರಿಹಾರವನ್ನು ಊರೇ ತೋರಿಸಿದೆ. 1898ರ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿ ತುಂಬತೊಡಗಿದವು. ಅಲ್ಲಿ ಮನೆಸಾಲುಗಳ ಬೆನ್ನಿಗೆ ಯಾರ ಖಾತೆಗೂ ಸೇರದ ಕನ್ಸರ್ವೆನ್ಸಿ ಗಲ್ಲಿ. ಮನೆಯೊಳಗೆ ಅಂಥ ಜಾಗವೆಂದರೆ ಎರಡೂ ಮೊಲ ಕಾಲಿಡದ ಬಚ್ಚಲುಮನೆ. ಮೊದಲು ಪಂಜರಗಳನ್ನು ಅಕ್ಕಪಕ್ಕ ಇಟ್ಟು, ಹಾಸು ಅದಲುಬದಲು ಮಾಡಿ, ಆಮೇಲೆ ದಿನಕ್ಕೆ ಹತ್ತು ನಿಮಿಷ ಅಲ್ಲಿ ಬಿಡಬೇಕು. ಜಮಖಾನ ಮರೆಯಬಾರದು: ಮೊಲದ ಅಂಗಾಲಿಗೆ ಮೆತ್ತೆಯಿಲ್ಲ, ಬರೀ ಕೂದಲು, ಹಳೆ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಜಾರಿದ ಮೊಲ ನೆಲವನ್ನು ದೂರದೆ ಎದುರಿನವನನ್ನು ದೂರುತ್ತದೆ. ಗಾಂಧಿ ಬಜಾರಿನ ಕೊತ್ತಂಬರಿ ಕಟ್ಟೊಂದು ನಡುವೆ ಇರಲಿ. ಕೆಲವು ದಿನ ಕಳೆದ ಮೇಲೆ ಒಂದು ಮೊಲ ತಲೆ ತಗ್ಗಿಸುತ್ತದೆ. ಶರಣಾಗತಿಯೆಂದು ಭ್ರಮಿಸಬೇಡಿ, ನನ್ನ ನೆತ್ತಿ ನೆಕ್ಕು ಎಂಬ ಆಜ್ಞೆ ಅದು. ಇನ್ನೊಂದು ಕಾಣದವರಂತೆ ಮುಖ ತೊಳೆದುಕೊಳ್ಳುತ್ತದೆ, ಕಿವಿ ಎಳೆದು ಎಳೆದು ಒರೆಸಿಕೊಳ್ಳುತ್ತದೆ, ಬೇರೆ ಕೆಲಸ ಉಳಿಯದಾದಾಗ ನೆಕ್ಕುತ್ತದೆ. ಜಂಟಿ ಖಾತೆ ಆಗುವುದು ಆ ಕ್ಷಣಕ್ಕೆ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನೆಯ ಯಜಮಾನ ಇಷ್ಟಕ್ಕೂ ಒಪ್ಪಲಾರ. ತಾತನ ಕಾಲದ ಕ್ರಯಪತ್ರ ಬೀರುವಿನಲ್ಲಿದೆ ಎಂದು ವಾದಿಸುತ್ತಾನೆ. ಬೀರುವಿಗೆ ಗದ್ದ ಉಜ್ಜಿಯಾಗಿದೆ. ಅವನ ಕಾಲಿನ ಹೆಬ್ಬೆರಳಿಗೂ.