ದೀಪವೆಲ್ಲ ಹಸಿರು, ಕೆಲಸ ಮಾತ್ರ ನಿಂತಿದೆ

ಸರ್ವರ್ ಎಂದರೇನೆಂದು ನಮ್ಮ ಬೆಳಗಾವಿ ಜಿಲ್ಲೆಯ ಯರಗಟ್ಟಿಯ ಜನರಿಗೆ ಯಾರೂ ಪಾಠ ಹೇಳಬೇಕಿಲ್ಲ. ರೇಷನ್ ಅಂಗಡಿಯಲ್ಲಿ ಅಜ್ಜಿ ಎಷ್ಟು ಸಲ ಹೆಬ್ಬೆಟ್ಟು ಒತ್ತಿದರೂ ಬಾರದ್ದು ಸರ್ವರ್. ಪಹಣಿ ಕೇಳಲು ಹೋದ ರೈತನಿಗೆ ‘ಊಟ ಮಾಡ್ಕೊಂಡ ಬರ್ರಿ’ ಎಂದು ಹೇಳಿಸುವುದೂ ಅದೇ. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿಗೆ ಜನ ಮುಗಿಬಿದ್ದು ಸೇವಾಸಿಂಧು ಕುಂಟತೊಡಗಿದಾಗ, ನಮ್ಮದೇ ಜಿಲ್ಲೆಯ ಸಚಿವ ಸತೀಶ ಜಾರಕಿಹೊಳಿಯವರು ಕೇಂದ್ರ ಸರ್ಕಾರವೇ ಸರ್ವರ್ ಹ್ಯಾಕ್ ಮಾಡಿದೆ ಎಂದುಬಿಟ್ಟಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಅದನ್ನು ಕೇಳಿ ನಕ್ಕರು. ನಗಬಾರದಿತ್ತು. ಕೆಟ್ಟದ್ದನ್ನು ಬಿಚ್ಚಿ ನೋಡುವ ಮೊದಲೇ ಕೆಡಿಸಿದವನ ಹೆಸರು ಹೇಳುವ ವಿದ್ಯೆಯಲ್ಲಿ ಅವರು ಯಾವ ಸಚಿವರಿಗೂ ಕಡಿಮೆಯಿಲ್ಲ.

ಕೊರೊನಾ ಕಾಲದಲ್ಲಿ ಊರಿಗೆ ಬಂದು, ಅಟ್ಟದ ಮೇಲೆ ಲ್ಯಾಪ್‌ಟಾಪ್ ಹೂಡಿ, ಇನ್ನೂ ಅಲ್ಲೇ ಉಳಿದ ಹುಡುಗರು ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆ ಅಲ್ಲಲ್ಲಿ ಇದ್ದಾರೆ. ನಮ್ಮ ಓಣಿಯಲ್ಲೂ ಒಬ್ಬನಿದ್ದಾನೆ. ಅವನ ಕಂಪನಿಯ ಹೆಸರು ಬೇಡ. ಯಾವ ಹೆಸರು ಹಾಕಿದರೂ ಕಥೆ ಹೊಂದುತ್ತದೆ. ಅವನ ಕೆಲಸ ಜೆಂಕಿನ್ಸ್ ಎಂಬ ತಂತ್ರಾಂಶವನ್ನು ಕಾಯುವುದು. ಹತ್ತಾರು ಮಂದಿ ಬರೆದ ಕೋಡನ್ನು ಒಟ್ಟುಗೂಡಿಸಿ, ಪರೀಕ್ಷಿಸಿ, ಓಡುವ ಹಾಗೆ ಕಟ್ಟಿಕೊಡುವ ಯಂತ್ರಗಳಿಗೆ ಬಿಲ್ಡ್ ಏಜೆಂಟ್ ಎನ್ನುತ್ತಾರೆ. ಅವಕ್ಕೆ ಕೆಲಸ ಹಚ್ಚುವ ಯಜಮಾನ ಜೆಂಕಿನ್ಸ್ ಸರ್ವರ್. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಜಪಾನಿನ ಕೊಸುಕೆ ಕವಾಗುಚಿ 2004ರಲ್ಲಿ ಇದನ್ನು ಹಡ್ಸನ್ ಎಂಬ ಹೆಸರಿನಲ್ಲಿ ಶುರುಮಾಡಿದರು. ಸನ್ ಕಂಪನಿಯನ್ನು ಒರಾಕಲ್ ಕೊಂಡ ಮೇಲೆ ಹೆಸರು ಯಾರದೆಂಬ ಜಗಳ ಬಿದ್ದು 2011ರಲ್ಲಿ ಜೆಂಕಿನ್ಸ್ ಆಯಿತು. ಲಾಂಛನದಲ್ಲಿ ತೋಳಿನ ಮೇಲೆ ಟವೆಲ್ ಹಾಕಿಕೊಂಡ ಬಟ್ಲರ್ ಇದ್ದಾನೆ. ಯಾರು ಬೈದರೂ ಅವನ ಮುಖಭಾವ ಬದಲಾಗುವುದಿಲ್ಲ. ನಮ್ಮ ಹುಡುಗನಿಗೆ ಆ ಸೌಕರ್ಯ ಇಲ್ಲ.

ಒಂದು ದಿನ ಕಂಪನಿಯ ದೊಡ್ಡವರು ಸೇರಿ ಜೆಂಕಿನ್ಸ್ ಮುಂದೆ ಲೋಡ್ ಬ್ಯಾಲೆನ್ಸರ್ ಕೂರಿಸಲು ತೀರ್ಮಾನಿಸಿದರು. ಹೊರೆಯನ್ನು ಹಲವು ಸರ್ವರುಗಳಿಗೆ ಹಂಚುವುದು ಅದರ ಕಸುಬು. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬರುವ ಗಾಡಿಗಳನ್ನು ಪೊಲೀಸರು ಆ ದಾರಿ, ಈ ದಾರಿ ಎಂದು ಹಂಚಿ ಕಳಿಸುತ್ತಾರಲ್ಲ, ಹಾಗೆ. ಆದರೆ ಯಾವ ದಾರಿ ಹಿಡಿದರೂ ತಾಯಿಯ ಗುಡಿ ಒಂದೇ. ಪುಕ್ಕಟೆ ಸಿಗುವ ಜೆಂಕಿನ್ಸ್ ಕೂಡ ಒಂಟಿ. ಎರಡು ಸರ್ವರ್ ಒಂದೇ ಕೆಲಸವನ್ನು ಏಕಕಾಲಕ್ಕೆ ಹಂಚಿಕೊಂಡು ಮಾಡುವ ಏರ್ಪಾಡು ಅದರಲ್ಲಿಲ್ಲ. ಹಿಂದೆ ಇರುವುದು ಒಂದು, ಮುಂದೆ ನಿಂತಿರುವುದು ಹಂಚುವವನು. ಏನನ್ನು ಹಂಚುತ್ತಾನೆ? ಸುರಕ್ಷಾ ಪ್ರಮಾಣಪತ್ರ ನೋಡಿಕೊಳ್ಳಲು, ಸರ್ವರನ್ನು ಮರೆಯಲ್ಲಿಡಲು ಅವನಿಂದ ಉಪಯೋಗವಿದೆ, ಒಪ್ಪೋಣ. ಸಭೆಯಲ್ಲಿ ಯಾರೂ ಹಾಗೆ ಹೇಳಲಿಲ್ಲ. ನಕ್ಷೆಯಲ್ಲಿ ಒಂದು ಡಬ್ಬಿ ಹೆಚ್ಚಾದರೆ ಅದಕ್ಕೆ ಆರ್ಕಿಟೆಕ್ಚರ್ ಎಂಬ ಗೌರವ ಬರುತ್ತದೆ. ಹಾಗಾಗಿ ಬಂತು.

ಡಬ್ಬಿ ಬಂದ ರಾತ್ರಿಯೇ ಏಜೆಂಟುಗಳೆಲ್ಲ ಕಳಚಿಕೊಂಡವು. ಕಾರಣ ಸರಳ. ಏಜೆಂಟ್ ತಾನೇ ಸರ್ವರಿಗೆ ಕರೆ ಮಾಡುತ್ತದೆ. ಮೊದಲು ವೆಬ್ ವಿಳಾಸಕ್ಕೆ ಹೋಗಿ, ‘ನಿಮ್ಮ ಜೊತೆ ಯಾವ ಪೋರ್ಟಿನಲ್ಲಿ ಮಾತಾಡಬೇಕು?’ ಎಂದು ಕೇಳುತ್ತದೆ. ಸರ್ವರ್, ಸಾಮಾನ್ಯವಾಗಿ, 50000 ಎನ್ನುತ್ತದೆ. ಏಜೆಂಟ್ ನಂಬಿಕೊಂಡು ಅದೇ ವಿಳಾಸದ 50000ನೆಯ ಬಾಗಿಲಿಗೆ ಹೋಗುತ್ತದೆ. ಈಗ ಆ ವಿಳಾಸದಲ್ಲಿ ನಿಂತಿರುವುದು ಲೋಡ್ ಬ್ಯಾಲೆನ್ಸರ್. ಅದಕ್ಕೆ ಗೊತ್ತಿರುವುದು ವೆಬ್ ಪುಟಗಳ ಬಾಗಿಲಾದ 443 ಒಂದೇ. 50000ದ ಸುದ್ದಿಯನ್ನು ಅದಕ್ಕೆ ಯಾರೂ ಹೇಳಿಲ್ಲ. ಆ ಪೋರ್ಟ್ ತಲುಪಲು ಆಗುತ್ತಿಲ್ಲವೆಂದು ಏಜೆಂಟಿನ ಲಾಗ್ ಅಂಕಿಯ ಸಮೇತ ಬರೆದಿಡುತ್ತದೆ. ಆದರೆ ಲಾಗ್ ಇರುವುದು ಇಮೇಲಿಗೆ ಲಗತ್ತಿಸಲು. ಓದಲು ಎಂದು ಯಾವ ಕಂಪನಿಯಲ್ಲೂ ಯಾರೂ ಹೇಳಿಲ್ಲ.

ರಾತ್ರಿ ಹನ್ನೊಂದಕ್ಕೆ ಸಭೆ ಕೂಡಿತು. ನೆಟ್‌ವರ್ಕ್ ತಂಡದವರು ತಮ್ಮ ಪರದೆ ತೋರಿಸಿದರು: ಹಸಿರು. ಲೋಡ್ ಬ್ಯಾಲೆನ್ಸರಿನವರದೂ ಹಸಿರು. ಸುರಕ್ಷತಾ ತಂಡಕ್ಕೆ ಪರದೆಯೇ ಇರಲಿಲ್ಲ, ಆದರೂ ಹಸಿರು ಎಂದರು. ಹುಡುಗ ಬಾಯಿ ತೆರೆದ: “ಸರ್, ಪೋರ್ಟ್ 50000...”

“ಮೊದಲು ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಪ್ಪ.”

ಕೆಳಗಿನಿಂದ ಅಪ್ಪ ಕೂಗಿದರು: “ಯಾಕೋ ತಮ್ಮಾ, ಇಷ್ಟ ಹೊತ್ತಿನ್ಯಾಗ ಏನ ಗದ್ದಲಾ?”

“ಸರ್ವರ್ ಸಿಗವಲ್ದು, ಅಪ್ಪಾ.”

“ನಿಮಗೂ ಸಿಗವಲ್ದನ?” ಎಂದ ಅಪ್ಪನ ದನಿಯಲ್ಲಿ ಸಮಾಧಾನವಿತ್ತು. ರೇಷನ್ ಅಂಗಡಿಯವನ ಮೇಲಿದ್ದ ಅವರ ಸಿಟ್ಟು ಅಂದೇ ಇಳಿಯಿತಂತೆ.

ಆಮೇಲೆ ಹೇಗೋ 50000 ತೆರೆಯಿತು. ಏಜೆಂಟುಗಳು ಬಂದವು, ಒಂದು ನಿಮಿಷ ಇದ್ದವು, ಹೋದವು. ಮತ್ತೆ ಬಂದವು, ಮತ್ತೆ ಹೋದವು. ಆಗ ಸಭೆಗೆ ಅಪರಾಧಿ ಸಿಕ್ಕ. “ನೀವು ಯರಗಟ್ಟಿಯಿಂದ ಕೆಲಸ ಮಾಡ್ತೀರಲ್ವಾ? ಅಲ್ಲಿ ನೆಟ್ ಹೇಗೆ? ಕರೆಂಟ್?” ಎಂದು ಮೃದುವಾಗಿ ಕೇಳಿದರು. ಏಜೆಂಟ್ ಇದ್ದದ್ದು ಮುಂಬೈಯ ಡೇಟಾ ಸೆಂಟರಿನಲ್ಲಿ. ಸರ್ವರ್ ಇದ್ದದ್ದೂ ಅಲ್ಲೇ, ಲೋಡ್ ಬ್ಯಾಲೆನ್ಸರ್ ಇವೆರಡರ ನಡುವೆ. ಅವುಗಳ ಮಾತುಕತೆಯ ಒಂದು ಬೈಟೂ ಬೆಳಗಾವಿ–ಬಾಗಲಕೋಟೆ ರಸ್ತೆಯನ್ನು ಕಂಡಿಲ್ಲ. ಯರಗಟ್ಟಿಯಲ್ಲಿ ಇದ್ದದ್ದು ಅವೆಲ್ಲವನ್ನೂ ನೋಡುತ್ತಿದ್ದ ಹುಡುಗನ ಕಣ್ಣು ಮಾತ್ರ. ಆದರೂ ಅವನು ಇಂಟರ್ನೆಟ್ ವೇಗ ಅಳೆದ ಚಿತ್ರ ಕಳಿಸಿದ. ಕರೆಂಟ್ ಹೋಗಿರಲಿಲ್ಲ ಎಂದು ಬರೆದುಕೊಟ್ಟ. ಕೊನೆಗೆ ‘ಬೆಂಗಳೂರಿಗೇ ಬಂದು ಕೂತರೆ ಒಳ್ಳೆಯದು’ ಎಂಬ ಸಲಹೆಯೂ ಬಂತು. ಸಾವಿರ ಕಿಲೋಮೀಟರ್ ಆಚೆಗಿನ ಯಂತ್ರಗಳ ಜಗಳ ಇವನು ಮಾರತ್ತಹಳ್ಳಿಯಲ್ಲಿ ಬಾಡಿಗೆ ಕಟ್ಟಿದರೆ ನಿಲ್ಲುತ್ತದೆಂದು ನಂಬುವವರು, ಹಳ್ಳಿಯವರ ಮೂಢನಂಬಿಕೆಯ ಬಗ್ಗೆ ಭಾಷಣ ಮಾಡುವವರೂ ಹೌದು.

ನಿಜವಾದ ಲೆಕ್ಕ ಎರಡು ಅಂಕಿಗಳದ್ದು. ಸುಮ್ಮನಿರುವ ಸಂಪರ್ಕವನ್ನು ಎಷ್ಟು ಹೊತ್ತು ಸಹಿಸಬೇಕೆಂಬ ಮಿತಿ ಲೋಡ್ ಬ್ಯಾಲೆನ್ಸರಿಗೆ ಇರುತ್ತದೆ. ಯಾರೂ ಬದಲಿಸದಿದ್ದರೆ ಹಲವು ಕಡೆ ಅದು 60 ಸೆಕೆಂಡ್. ಜೆಂಕಿನ್ಸ್ ತನ್ನ ಏಜೆಂಟನ್ನು ‘ಇದ್ದೀಯಾ?’ ಎಂದು ಕೇಳುವುದು, ಅದನ್ನೂ ಯಾರೂ ಬದಲಿಸದಿದ್ದರೆ, 300 ಸೆಕೆಂಡಿಗೊಮ್ಮೆ. ದೊಡ್ಡದೊಂದು ಬಿಲ್ಡ್ ನಡೆಯುವಾಗ ಏಜೆಂಟ್ ಎರಡು ಮೂರು ನಿಮಿಷ ತುಟಿ ಬಿಚ್ಚುವುದಿಲ್ಲ, ಕೆಲಸದಲ್ಲಿ ಮುಳುಗಿರುತ್ತದೆ. ಲೋಡ್ ಬ್ಯಾಲೆನ್ಸರ್ ತಂತಿ ಕತ್ತರಿಸುತ್ತದೆ. ಸದ್ದಿಲ್ಲದೆ ದುಡಿಯುವವನನ್ನು ಇಲ್ಲವೆಂದೇ ಎಣಿಸುವ ಈ ಪದ್ಧತಿಯನ್ನು ಅದಕ್ಕೆ ಕಲಿಸಿದವರು ಯಾರೋ ಮ್ಯಾನೇಜರೇ ಇರಬೇಕು.

ಇನ್ನೊಂದು ದಿನ ಇಡೀ ಸರ್ವರೇ ಸತ್ತಿದೆ ಎಂದು ಘೋಷಣೆಯಾಯಿತು. ಲೋಡ್ ಬ್ಯಾಲೆನ್ಸರ್ ಆಗಾಗ ಮುಖ್ಯ ಪುಟಕ್ಕೆ ಹೋಗಿ ಸರ್ವರಿನ ಆರೋಗ್ಯ ವಿಚಾರಿಸುತ್ತದೆ. ಭದ್ರತೆ ಬಿಗಿ ಮಾಡಿದ ಜೆಂಕಿನ್ಸ್, ಲಾಗಿನ್ ಆಗದೆ ಬಂದವರಿಗೆಲ್ಲ 403 ಎನ್ನುತ್ತದೆ. ಜೀವಂತ ಇದ್ದೇನೆ, ನಿನಗೆ ಪ್ರವೇಶವಿಲ್ಲ ಎಂದು ಅದರರ್ಥ. ಲೋಡ್ ಬ್ಯಾಲೆನ್ಸರಿಗೆ ಬೇಕಾದದ್ದು 200, ಅಂದರೆ ‘ಎಲ್ಲ ಸರಿ’ ಎಂಬ ಉತ್ತರ. ಸಿಗಲಿಲ್ಲ, ಮರಣಪತ್ರ ಬರೆಯಿತು. ಆರೋಗ್ಯ ವಿಚಾರಿಸುವ ವಿಳಾಸವನ್ನು ಲಾಗಿನ್ ಪುಟಕ್ಕೆ ಬದಲಿಸಿದ್ದರೆ ಮುಗಿಯುತ್ತಿತ್ತು. ಅದರ ಬದಲು ಕಂಪನಿ ಜೆಂಕಿನ್ಸ್‌ನ ಮುಖ್ಯ ಪುಟವನ್ನು ಯಾರು ಬೇಕಾದರೂ ನೋಡುವ ಹಾಗೆ ತೆರೆದಿಟ್ಟಿತು. ದೀಪ ಹಸಿರಾಯಿತು. ಸುರಕ್ಷತಾ ತಂಡ ಅಂದು ರಜೆಯಲ್ಲಿತ್ತು.

ಏಜೆಂಟುಗಳು ಕಳಚಿಕೊಳ್ಳುವ ಪುರಾಣಕ್ಕೆ ಮದ್ದು ಇದೆ, ಹೊಸದೂ ಅಲ್ಲ. 2020ರ ಜನವರಿಯಲ್ಲಿ ಬಂದ ಜೆಂಕಿನ್ಸ್ 2.217ರಿಂದ ಏಜೆಂಟುಗಳು ವೆಬ್‌ಸಾಕೆಟ್ ಮೂಲಕ ಮಾತಾಡಬಲ್ಲವು. 50000 ಬೇಡ, 443 ಸಾಕು. 30 ಸೆಕೆಂಡಿಗೊಮ್ಮೆ ‘ಇದ್ದೀಯಾ?’ ಎಂಬ ಪಿಂಗ್ ಹೋಗುವುದರಿಂದ ಅರವತ್ತರ ಕತ್ತರಿಗೆ ಕೆಲಸವಿಲ್ಲ. ಏಜೆಂಟನ್ನು ಶುರುಮಾಡುವ ಆಜ್ಞೆಗೆ ಸೇರಬೇಕಾದದ್ದು ಒಂದೇ ಪದ. ಹುಡುಗನಿಗೆ ಅದು ಗೊತ್ತಿತ್ತು, ಸೇರಿಸುವ ಅಧಿಕಾರ ಇರಲಿಲ್ಲ. ಅಧಿಕಾರ ಇದ್ದವರಿಗೆ ಆ ಪದ ಗೊತ್ತಿರಲಿಲ್ಲ, ಆದರೆ ಬದಲಾವಣೆಗೆ ಒಪ್ಪಿಗೆ ಕೊಡುವ ಸಮಿತಿ ಗೊತ್ತಿತ್ತು. ಸಮಿತಿ ಗುರುವಾರ ಕೂಡುತ್ತದೆ. ಗುರುವಾರ ಯಾವುದೋ ಹಬ್ಬ. ಅಷ್ಟರಲ್ಲಿ ಇನ್ಯಾರೋ ಜಾಣರು ಏಜೆಂಟುಗಳನ್ನು ತಾಸಿಗೊಮ್ಮೆ ತಾನಾಗಿ ರೀಸ್ಟಾರ್ಟ್ ಮಾಡುವ ಸ್ಕ್ರಿಪ್ಟ್ ಬರೆದು, ಆ ತಿಂಗಳ ಬಹುಮಾನ ಹೊಡೆದರು. ಮೂಲ ಕಾರಣದ ವರದಿಯಲ್ಲಿ ‘ಸಂಪರ್ಕದ ಅಸ್ಥಿರತೆ’ ಎಂದಿದೆ. ನೆಗಡಿಯಾದವನಿಗೆ ವೈದ್ಯರು ಮೂಗು ಸೋರುವುದೇ ಕಾರಣ ಎಂದರೆ ನಾವು ಶುಲ್ಕ ಕೊಡುವುದಿಲ್ಲ. ಇಲ್ಲಿ ಸಂಬಳ ಏರಿತು.

ಇದನ್ನು ಓದುತ್ತಿರುವ ಮ್ಯಾನೇಜರ್ ಸಾಹೇಬರಲ್ಲಿ ಒಂದು ಅರಿಕೆ. ಮುಂದಿನ ರಾತ್ರಿ ಸಭೆ ಕರೆಯುವ ಮೊದಲು ಎರಡೇ ಅಂಕಿ ತರಿಸಿಕೊಳ್ಳಿ: ಲೋಡ್ ಬ್ಯಾಲೆನ್ಸರ್ ಎಷ್ಟು ಸೆಕೆಂಡ್ ಮೌನ ತಾಳುತ್ತದೆ, ಏಜೆಂಟಿನ ಜೊತೆ ಎಷ್ಟು ಸೆಕೆಂಡಿಗೊಮ್ಮೆ ಮಾತು ನಡೆಯುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಿದ್ದರೆ, ಯರಗಟ್ಟಿಯ ಹುಡುಗನನ್ನು ಊಟಕ್ಕೆ ಬಿಡಿ.