ತುಂಗಭದ್ರೆಯ ತಳದಲ್ಲಿ ಊಟ: ಎಳೆಯ ಕಪ್ಪೆಚಿಪ್ಪುಗಳಿಗೊಂದು ಕೈಪಿಡಿ

ಮೀನಿನ ಕಿವಿರಿನಿಂದ ಈಗಷ್ಟೇ ಕಳಚಿಕೊಂಡು ಹೊಳೆಯ ತಳಕ್ಕೆ ಬಿದ್ದಿರುವ ತಮಗೆ ಸ್ವಾಗತ. ಇಷ್ಟು ದಿನ ಊಟವೂ ಪುಕ್ಕಟೆ, ಸವಾರಿಯೂ ಪುಕ್ಕಟೆ. ಇನ್ನು ತಮ್ಮ ಹೊಟ್ಟೆ ತಮ್ಮ ಜವಾಬ್ದಾರಿ. ಈ ಕೈಪಿಡಿ ಹೊಸಪೇಟೆಯ ಅಣೆಕಟ್ಟೆಯಿಂದ ಕಂಪ್ಲಿ ಸೇತುವೆಯವರೆಗಿನ ನೀರಿಗೆ ಮಾತ್ರ ಅನ್ವಯಿಸುತ್ತದೆ.

ಮೊದಲು ಬಾಯಿ ಹುಡುಕಿಕೊಳ್ಳಿ. ತಮಗೆ ತಲೆಯಿಲ್ಲ, ಹಲ್ಲಿಲ್ಲ. ಗಾಬರಿ ಬೇಡ, ಇದು ತಯಾರಿಕೆಯ ದೋಷವಲ್ಲ. ಬಾಯಿ ಚಿಪ್ಪಿನೊಳಗೇ ಇದೆ. ಎಳೆತನದಲ್ಲಿ ಪಾದ ಹೊರಚಾಚಿ ಕೆಸರು ಕೆದಕಿ, ಪಾದಕ್ಕೆ ಅಂಟಿದ್ದನ್ನು ಒಳಗೆಳೆದುಕೊಂಡು ತಿನ್ನತಕ್ಕದ್ದು. ಕಾಲಲ್ಲಿ ಉಣ್ಣುವುದು ಯಾವ ಸಂಸ್ಕಾರ ಎಂದು ದಂಡೆಯ ಮೇಲಿನವರು ಆಡಿಕೊಳ್ಳಬಹುದು. ತಮಗೆ ಕಿವಿಯೂ ಇಲ್ಲವಾದ್ದರಿಂದ ತೊಂದರೆಯಿಲ್ಲ.

ಬೆಳೆದ ಮೇಲೆ ಮರಳಿನಲ್ಲಿ ಅರ್ಧ ಹೂತುಕೊಂಡು, ಹಿಂಭಾಗ ಮೇಲೆ ಮಾಡಿ, ಚಿಪ್ಪನ್ನು ತುಸುವೇ ತೆರೆಯಿರಿ. ಅಲ್ಲಿ ಎರಡು ಕಿಂಡಿಗಳಿವೆ: ಒಂದರಲ್ಲಿ ನೀರು ಒಳಗೆ, ಇನ್ನೊಂದರಲ್ಲಿ ಹೊರಗೆ. ಕಿವಿರಿನ ಮೇಲಿನ ಕಣ್ಣಿಗೆ ಕಾಣದ ರೋಮಗಳು ಒಂದೇ ಸಮ ಬಡಿಯುತ್ತ ನೀರೆಳೆಯುತ್ತವೆ. ನೀರಿನಲ್ಲಿರುವ ಪಾಚಿ, ಡಯಾಟಂ, ಬ್ಯಾಕ್ಟೀರಿಯಾ, ಕೊಳೆತ ಎಲೆಯ ಪುಡಿ ಎಲ್ಲ ಲೋಳೆಗೆ ಅಂಟಿ ಬಾಯಿಯತ್ತ ಸಾಗುತ್ತವೆ. ಹೊಟ್ಟೆಯೊಳಗೆ ಪಾರದರ್ಶಕ ಕಡ್ಡಿಯೊಂದು ಕಡಗೋಲಿನಂತೆ ತಿರುಗುತ್ತ, ತುದಿ ಕರಗಿಸಿಕೊಳ್ಳುತ್ತ ಜೀರ್ಣರಸ ಬಿಡುತ್ತದೆ. ತಿರುಗುತ್ತಿದೆಯೋ ಇಲ್ಲವೋ ಎಂದು ಚಿಪ್ಪು ಬಿಚ್ಚಿ ನೋಡಬಾರದು.

ನುಂಗುವುದು ಯಾರಿಗಾದರೂ ಬರುತ್ತದೆ. ಈ ಹೊಳೆಯಲ್ಲಿ ಬದುಕಬೇಕಾದರೆ ಬೇಡ ಎನ್ನುವುದನ್ನು ಕಲಿಯಬೇಕು. 1953ರಲ್ಲಿ ನೀರು ನಿಂತಾಗ ಅಣೆಕಟ್ಟೆ 133 ಟಿಎಂಸಿ ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಉಳಿದ ಜಾಗದಲ್ಲಿ ಹೂಳು ಕೂತಿದೆ. ಗೇಟು ಎತ್ತಿದಾಗ ತಮ್ಮ ತಟ್ಟೆಗೆ ಬೀಳುವುದೂ ಅದೇ ಮಣ್ಣು. ಬಾಯಿಯ ಅಕ್ಕಪಕ್ಕ ಎಲೆಯಂಥ ಎರಡು ಜೊತೆ ಪಕಳೆಗಳಿವೆ, ಅವುಗಳ ಕೆಲಸ ಆರಿಸುವುದು. ಬೇಡದ ಕಣಗಳನ್ನು ಲೋಳೆಯಲ್ಲಿ ಉಂಡೆಕಟ್ಟಿ, ಹೊಟ್ಟೆಗೆ ಇಳಿಸದೆ ಹೊರತಳ್ಳಿರಿ. ಕೈಪಿಡಿಯ ಎಲ್ಲೆಯಾಚೆ, ಸಂಡೂರಿನ ನಾರಿಹಳ್ಳದಂಥ ನೀರಿಗೆ ಬಿದ್ದವರಿಗೆ ವಿಶೇಷ ಸೂಚನೆ: ಮಳೆಗಾಲದ ಕೆಂಪು ನೀರಿನಲ್ಲಿರುವುದು ಕಬ್ಬಿಣದ ಅದಿರಿನ ಮಣ್ಣು. ಊರಿನವರು ಅದನ್ನು ಲಾರಿಗಟ್ಟಲೆ ಮಾರಿ ಉಂಡಿದ್ದಾರೆ, ತಮಗೆ ಮಾತ್ರ ಜೀರ್ಣವಾಗದು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು, ಮಳೆಗೆ ಹಾಕಲಿಲ್ಲ.

ಕಂಪ್ಲಿಯ ಕಡೆ ಊಟ ಪುಷ್ಕಳ. ಭತ್ತ, ಕಬ್ಬಿನ ಗದ್ದೆಗಳಿಂದ ಬಸಿದ ಯೂರಿಯಾ ಪಾಚಿಯನ್ನು ಕೊಬ್ಬಿಸುತ್ತದೆ, ಪಾಚಿ ತಮ್ಮನ್ನು ಕೊಬ್ಬಿಸುತ್ತದೆ. ಹಿಗ್ಗಬೇಡಿ. ಜಲಾಶಯದ ನೀರು ಪಚ್ಚೆ ಬಣ್ಣಕ್ಕೆ ತಿರುಗಿದ್ದನ್ನು ಹೊಸಪೇಟೆಯವರು ಕಂಡಿದ್ದಾರೆ. ಅಷ್ಟು ಪಾಚಿ ಸತ್ತು ಕೊಳೆತರೆ ನೀರಿನ ಆಮ್ಲಜನಕವೇ ಖಾಲಿ. ಹಂಪಿಯ ಚಕ್ರತೀರ್ಥದ ಬಳಿ ಕುಂಕುಮ, ಶಾಂಪೂ ನೊರೆ ಬಂದೀತು. ಭಕ್ತಿಯಿಂದ ಹೊರತಳ್ಳಿರಿ.

ಊಟದ ವೇಳೆಯನ್ನು ತಾವು ನಿರ್ಧರಿಸುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಂಥ ದಿನ ಚಿಪ್ಪು ಬಿಗಿಯಾಗಿ ಮುಚ್ಚಿ ಉಪವಾಸವಿರತಕ್ಕದ್ದು. ವಿಜಯನಗರ ಕಾಲದ ಕಾಲುವೆಗಳಲ್ಲಿ ನೆಲೆಸಿದವರು ನೀರು ನಿಲ್ಲಿಸಿದಾಗ ಕೆಸರೊಳಗೆ ಇಳಿದು ಹೀಗೇ ಕಾಯಬೇಕು.

ಇದು ಕಷ್ಟವೆನಿಸಿದರೆ ಉತ್ತರದ ತಣ್ಣನೆಯ ಕಡಲಿನ ತಮ್ಮ ಬಂಧುಗಳನ್ನು ನೆನೆಯಿರಿ. ಚಳಿಗಾಲದ ಕತ್ತಲಲ್ಲಿ ಅಲ್ಲಿ ಪಾಚಿಯೇ ಬೆಳೆಯದು. ವಸಂತದಲ್ಲಿ ಡಯಾಟಂಗಳು ಉಕ್ಕಿ ತಳಕ್ಕಿಳಿದಾಗಲೇ ಹಬ್ಬದೂಟ. ಐಸ್‌ಲ್ಯಾಂಡಿನ ಕಡಲಲ್ಲಿ 1499ರಲ್ಲಿ ಹುಟ್ಟಿದ ಚಿಪ್ಪೊಂದು, ಕೃಷ್ಣದೇವರಾಯ ಪಟ್ಟಕ್ಕೇರುವ ಹತ್ತು ವರ್ಷ ಮುಂಚೆಯೇ ಊಟಕ್ಕೆ ಕೂತಿತ್ತು. ತಾಳೀಕೋಟೆಯ ಯುದ್ಧ ಮುಗಿಯಿತು, ಹಂಪಿ ಹಾಳಾಯಿತು, ಅದು ಉಣ್ಣುತ್ತಲೇ ಇತ್ತು. 2006ರಲ್ಲಿ ವಿಜ್ಞಾನಿಗಳು ಮೇಲೆತ್ತಿದರು. ಚಿಪ್ಪಿನ ಗೆರೆ ಎಣಿಸಿದಾಗ ವಯಸ್ಸು 507. ಎಣಿಸುವಷ್ಟರಲ್ಲಿ ಅದು ಸತ್ತಿತ್ತು. ಸಂಶೋಧಕರ ದೋಣಿ ಕಂಡರೆ ಆಳಕ್ಕಿಳಿಯಿರಿ. ತಾಳರಿಗಟ್ಟದ ಹರಿಗೋಲುಗಳಿಂದ ಅಪಾಯವಿಲ್ಲ.

ಕೊನೆಯದು ನೀರುನಾಯಿಯ ವಿಚಾರ. ತಾವಿರುವ ಈ ಹೊಳೆಭಾಗ 2015ರಿಂದ ಅವುಗಳ ಸಂರಕ್ಷಿತ ಪ್ರದೇಶ, ತಮ್ಮದಲ್ಲ. ಅವುಗಳಿಗೆ ಮುಖ್ಯ ಊಟ ಮೀನು. ತಮ್ಮ ಮಕ್ಕಳು ಹತ್ತಿ ಕೂರಬೇಕಾದದ್ದೂ ಮೀನಿನ ಕಿವಿರನ್ನೇ. ಇಬ್ಬರೂ ಒಂದೇ ಮೀನಿಗೆ ಕಣ್ಣುಹಾಕಿದರೆ ಮೊದಲ ಹಕ್ಕು ಯಾರದೆಂದು ಅಧಿಸೂಚನೆಯಲ್ಲಿ ಬರೆದಿಲ್ಲ. ಮೀನನ್ನಂತೂ ಯಾರೂ ಕೇಳಿಲ್ಲ.